ಮೊಬೈಲಿನಲ್ಲಿ ನೋಡಿದ ಹೋಟೆಲ್ ಕೆಲಸ ಹುಬ್ಬಳ್ಳಿಯಲ್ಲಿ ಯಾರಿಗಾದರೂ ನಿಜವಾಗಿ ಸಿಕ್ಕಿದೆಯಾ?

ಶಿಗ್ಗಾವಿ ಹುಡುಗ
ಎಲ್ಲರಿಗೂ ನಮಸ್ಕಾರ. ನಂದು ಶಿಗ್ಗಾವಿ ಹತ್ತಿರದ ಹಳ್ಳಿ. ಪಿಯುಸಿ ಆದ ಮೇಲೆ ಹಾವೇರಿಯ ಒಂದು ಖಾನಾವಳಿಯಲ್ಲಿ ಎರಡು ವರ್ಷ ಕೆಲಸ ಮಾಡಿದ್ದೇನೆ. ಮೊದಲು ಬಡಿಸುವುದು, ಉಳ್ಳಾಗಡ್ಡಿ ಹೆಚ್ಚುವುದು. ಆಮೇಲೆ ಎಣ್ಣೆಗಾಯಿ, ಝುಣಕ ಮಾಡುವುದೂ ಬಂತು. ಈಗ ಹುಬ್ಬಳ್ಳಿಯಲ್ಲಿ ಒಂದು ದೊಡ್ಡ ರೆಸ್ಟೋರೆಂಟ್ ಸೇರಿ ಕೆಲಸ ಕಲಿಯಬೇಕು ಅಂತ ಆಸೆ. ಒಂದು ತಿಂಗಳಿಂದ ಮೂರು ಆ್ಯಪ್ ಹಾಕಿಕೊಂಡು ದಿನಾ ನೋಡುತ್ತಿದ್ದೇನೆ.

ಮೊನ್ನೆ "ಕಮಿ 2, ಗೋಕುಲ ರಸ್ತೆ, 18 ಸಾವಿರ, ಊಟ ರೂಮ್ ಫ್ರೀ, ಇಂದೇ ಸೇರಿ" ಅಂತ ಅಡುಗೆಮನೆ ಕೆಲಸದ ಒಂದು ಜಾಹೀರಾತು ಬಂತು. ಫೋನ್ ಮಾಡಿದೆ. ಒಬ್ಬರು ಬಹಳ ಪ್ರೀತಿಯಿಂದ ಮಾತಾಡಿ, ಯೂನಿಫಾರ್ಮ್ ಮತ್ತು ಐಡಿ ಕಾರ್ಡಿಗೆ 1,500 ಹಾಕು, ಮೊದಲ ಸಂಬಳದಲ್ಲಿ ಸೇರಿಸಿ ಕೊಡುತ್ತೇವೆ ಅಂದರು. ಹಾಕಿದೆ. ಮರುದಿನ ಬ್ಯಾಗ್ ತಗೊಂಡು ಬಸ್ ಹತ್ತಿ ಬಂದೆ. ಅವರು ಕೊಟ್ಟ ವಿಳಾಸದಲ್ಲಿ ಶಟರ್ ಎಳೆದ ಟೈಲ್ಸ್ ಅಂಗಡಿ. ಪಕ್ಕದ ಪಂಕ್ಚರ್ ಅಂಗಡಿಯವರು ನನ್ನ ಬ್ಯಾಗ್ ನೋಡಿ ತಾವೇ ಕೇಳಿದರು, "ಹೋಟೆಲ್ ಕೆಲಸಕ್ಕ ಬಂದೀಯೇನ ತಮ್ಮಾ? ಈ ವಾರ ನೀ ನಾಲ್ಕನೇದಾಂವ." ಅಲ್ಲೇ ಕೂತು ನೀರು ಕುಡಿದು ವಾಪಸ್ ಹೋದೆ. ಮನೆಯಲ್ಲಿ ಇನ್ನೂ ಹೇಳಿಲ್ಲ.

ಕೇಳೋದು ಇಷ್ಟೇ. ಈ ಆ್ಯಪ್‌ಗಳಲ್ಲಿ ನೋಡಿ ಹೋಟೆಲ್ ಕೆಲಸ ಸಿಕ್ಕವರು ಇಲ್ಲಿ ಯಾರಾದರೂ ಇದ್ದೀರಾ? ಖರೆ ಯಾವುದು ಸುಳ್ಳು ಯಾವುದು ಅಂತ ಹೇಗೆ ಗೊತ್ತಾಗುತ್ತೆ?

ಗಿರಮಿಟ್ ಪ್ರೇಮಿ
ದುಡ್ಡು ಕೇಳಿದ ಕೂಡಲೇ ಫೋನ್ ಇಟ್ಟುಬಿಡಬೇಕಿತ್ತು ತಮ್ಮಾ.

ಚಿಗರಿ ಪ್ರಯಾಣಿಕ
ಬೈಯೋದು ಆಮೇಲೆ. ಶಿಗ್ಗಾವಿ ತಮ್ಮಾ, ಮೊದಲು 1930ಕ್ಕೆ ಫೋನ್ ಮಾಡು. ಸೈಬರ್ ವಂಚನೆಗೆ ಇರೋ ನಂಬರ್ ಅದು. ದುಡ್ಡು ಹೋದ ಕೂಡಲೇ ಮಾಡಿದರೆ ಅವರ ಖಾತೆಯಲ್ಲಿ ಇದ್ದದ್ದನ್ನು ತಡೆಹಿಡಿಯುತ್ತಾರೆ. ಎರಡು ಮೂರು ದಿನ ಆದ ಮೇಲೆ ಸಿಗೋದು ಕಷ್ಟ, ಆದರೂ ಮಾಡು. ಕಳಿಸಿದ ಸ್ಕ್ರೀನ್‌ಶಾಟ್, ಆ ನಂಬರ್, ಜಾಹೀರಾತಿನ ಫೋಟೋ ಮೂರೂ ಇಟ್ಟುಕೋ. 1,500 ಸಣ್ಣ ಮೊತ್ತ ಅಂತ ಸುಮ್ನೆ ಇರಬೇಡ, ನಾಲ್ಕು ಜನ ಬಂದಿದ್ದಾರೆ ಅಂದರೆ ಅವನಿಗೆ ಅದೇ ದಂಧೆ.

ಬ್ಯಾಡಗಿ ಖಾರ
ಆ್ಯಪ್ ಗೀಪ್ ಎಲ್ಲಾ ತೆಗೆದು ಒಗಿ. ಹುಬ್ಬಳ್ಳಿಯಲ್ಲಿ ಹೋಟೆಲ್ ಕೆಲಸಕ್ಕೆ ಮೊಬೈಲ್ ಯಾಕೆ ಬೇಕು? ಚನ್ನಮ್ಮ ಸರ್ಕಲ್‌ನಿಂದ ನಡಕೊಂಡು ಹೋಗು, ಪ್ರತಿ ಹೋಟೆಲಿನ ಗಲ್ಲಾದಲ್ಲಿ ಕೇಳು. ಸಂಜೆಯೊಳಗೆ ಕೆಲಸ ಸಿಗುತ್ತೆ. ನಮ್ಮಪ್ಪ ಹಾಗೇ ಸೇರಿದ್ದು, ಮೂವತ್ತು ವರ್ಷ ಅಲ್ಲೇ ಮಾಡಿದರು.

ಕೊಪ್ಪಿಕರ್ ಕ್ಯಾಪ್ಟನ್
ಹದಿಮೂರು ವರ್ಷದಿಂದ ಈ ಲೈನಿನಲ್ಲಿದ್ದೇನೆ, ಅದಕ್ಕೆ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ತಮ್ಮಾ, ಮೊದಲು ಜಾಹೀರಾತಿನ ಭಾಷೆ ತಿಳಕೋ. ಕಮಿ ಅಂದರೆ ಅಡುಗೆಮನೆಯ ಕಿರಿಯ. ಅದರಲ್ಲಿ ಕಮಿ 3 ಎಲ್ಲರಿಗಿಂತ ಕೆಳಗೆ, ಕಮಿ 1 ಮೇಲೆ. ಎಷ್ಟೋ ಹುಡುಗರು ಮೂರು ದೊಡ್ಡದು ಅಂತ ಉಲ್ಟಾ ತಿಳಿದು ಅರ್ಜಿ ಹಾಕುತ್ತಾರೆ. ಕಮಿ ಮೇಲೆ ಡಿಸಿಡಿಪಿ (ಡೆಮಿ ಶೆಫ್ ಡಿ ಪಾರ್ಟಿ), ಅದರ ಮೇಲೆ ಸಿಡಿಪಿ (ಶೆಫ್ ಡಿ ಪಾರ್ಟಿ). ಸಿಡಿಪಿ ಆದರೆ ಒಂದು ಸೆಕ್ಷನ್ ಪೂರ್ತಿ ಅವನದೇ, ತಂದೂರ್ ಇರಬಹುದು, ಚೈನೀಸ್ ಇರಬಹುದು. ಸ್ಟೀವರ್ಡ್ ಅಂದರೆ ವೇಟರ್, ದರ್ಶಿನಿಯಲ್ಲಿ ಅದೇ ಮನುಷ್ಯ ಸಪ್ಲೈಯರ್. ಕ್ಯಾಪ್ಟನ್ ಅಂದರೆ ನನ್ನ ಹಾಗೆ ಆರ್ಡರ್ ಬರೆದುಕೊಂಡು ಕೆಒಟಿ, ಅಂದರೆ ಅಡುಗೆಮನೆಗೆ ಹೋಗೋ ಆರ್ಡರ್ ಚೀಟಿ, ಒಳಗೆ ಕಳಿಸಿ, ತಡ ಆದರೆ ಗಿರಾಕಿ ಕಡೆಯಿಂದಲೂ ಅಡುಗೆಮನೆ ಕಡೆಯಿಂದಲೂ ಬೈಸಿಕೊಳ್ಳೋನು. ಯುಟಿಲಿಟಿ ಅಂದರೆ ಪಾತ್ರೆ ಮತ್ತು ನೆಲ. "ಮಲ್ಟಿ ಕ್ವಿಜೀನ್ ಕುಕ್" ಅಂತ ಇದ್ದರೆ ಮೂರು ಜನರ ಕೆಲಸ, ಒಂದು ಸಂಬಳ ಅಂತ ಓದಿಕೋ.

ಖಾನಾವಳಿಯಿಂದ ಬಂದ ಹುಡುಗನಿಗೆ ಮುಖ ನೋಡದೆ, ಒಂದು ಈರುಳ್ಳಿ ಹೆಚ್ಚಿಸದೆ ಕಮಿ 2 ಕೆಲಸ ಯಾರೂ ಕೊಡಲ್ಲ. ಅಲ್ಲೇ ಅನುಮಾನ ಬರಬೇಕಿತ್ತು. ಅಡುಗೆಮನೆಗೆ ಸೇರಿಸಿಕೊಳ್ಳೋರು ಟ್ರಯಲ್ ನೋಡೇ ನೋಡುತ್ತಾರೆ.

ಇನ್ನೊಂದು. ಹೋಟೆಲಿನ ಹೆಸರು ಸಿಕ್ಕರೆ ಜಾಹೀರಾತಿನ ನಂಬರಿಗೆ ಮಾಡಬೇಡ, ಮ್ಯಾಪ್‌ನಲ್ಲಿ ಆ ಹೋಟೆಲಿಗೆ ಇರೋ ನಂಬರಿಗೆ ಮಾಡಿ "ನಿಮ್ಮಲ್ಲಿ ಜಾಗ ಖಾಲಿ ಇದೆಯಾ" ಅಂತ ಕೇಳು. ಅರ್ಧ ಸುಳ್ಳು ಅಲ್ಲೇ ಬಯಲಾಗುತ್ತೆ.

ಲೆಕ್ಕದ ಹುಡುಗಿ
ಕ್ಯಾಪ್ಟನ್ ಅಣ್ಣಾ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಹೋಟೆಲ್ ಅಂದ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್, ಅಂದರೆ ಆಹಾರ ಪರವಾನಗಿ ನಂಬರ್, ಇರಲೇಬೇಕು, 14 ಅಂಕಿ. 2022ರಿಂದ ಬಿಲ್ಲಿನ ಮೇಲೂ ಹಾಕಬೇಕು. ಊಟ ತರಿಸೋ ಆ್ಯಪ್‌ನಲ್ಲಿ ಆ ಹೋಟೆಲಿನ ಪುಟದ ಕೆಳಗೆ ಹೋದರೆ ಅಲ್ಲೂ ಇರುತ್ತೆ. ಅದನ್ನು ಫಾಸ್ಕಾಸ್ ಅನ್ನೋ ಸರ್ಕಾರಿ ಜಾಲತಾಣದಲ್ಲಿ ಹಾಕಿದರೆ ಯಾರ ಹೆಸರಲ್ಲಿದೆ, ಎಲ್ಲಿದೆ ಅಂತ ಬರುತ್ತೆ. ಎರಡು ನಿಮಿಷದ ಕೆಲಸ.

ಬ್ಯಾಡಗಿ ಖಾರ
ಪಾತ್ರೆ ತೊಳೆಯೋ ಕೆಲಸಕ್ಕೆ 14 ಅಂಕಿ ಹುಡುಕಬೇಕಾ? ನಡಕೊಂಡು ಹೋಗಿ ಕೇಳಿದರೆ ಹೋಟೆಲ್ ಕಣ್ಣ ಮುಂದೇ ಇರುತ್ತಲ್ಲ.

ಲೆಕ್ಕದ ಹುಡುಗಿ
ಶಿಗ್ಗಾವಿಯಿಂದ ದಿನಾ ನಡಕೊಂಡು ಬರೋಕಾಗುತ್ತಾ ಅಣ್ಣಾ?

ಗಲ್ಲಾ ಕಾಕಾ
ನಾನು ವಿದ್ಯಾನಗರ ಕಡೆ ಸಣ್ಣ ಹೋಟೆಲ್ ನಡೆಸುತ್ತೇನೆ, ಹದಿನಾಲ್ಕು ಜನ ಕೆಲಸಕ್ಕಿದ್ದಾರೆ. ಗಲ್ಲಾದ ಈ ಕಡೆಯ ಕಥೆಯನ್ನೂ ಸ್ವಲ್ಪ ಕೇಳಿರಿ.

ಹೋದ ದೀಪಾವಳಿ ಮುಂದೆ ನಾಲ್ಕು ಹುಡುಗರು ಒಂದೇ ಸಲ ಊರಿಗೆ ಹೋದರು, ವಾಪಸ್ ಬರಲಿಲ್ಲ. ಮಗ ಹೇಳಿದ ಅಂತ ಆ್ಯಪ್‌ನಲ್ಲಿ ಜಾಹೀರಾತು ಹಾಕಿದೆ. ಎರಡು ದಿನ ಫೋನ್ ಬಡಕೊಂಡಿದ್ದೇ ಬಡಕೊಂಡಿದ್ದು. ಒಬ್ಬ ಕಲಬುರಗಿಯಿಂದ, ಒಬ್ಬ ಒಡಿಶಾದಿಂದ, ಒಬ್ಬನಿಗೆ ಮನೆಯಿಂದಲೇ ಮಾಡೋ ಕೆಲಸ ಬೇಕಂತೆ. ವೇಟರ್ ಕೆಲಸ ಮನೆಯಿಂದ ಹೆಂಗ ಮಾಡತೀಯೋ ಮಾರಾಯಾ ಅಂದೆ. "ನಾಳೆ ಹತ್ತಕ್ಕೆ ಬರ್ತೀನಿ ಸರ್" ಅಂದವರು ಒಂಬತ್ತು ಜನ. ಬಂದವರು ಇಬ್ಬರು. ಆ ಇಬ್ಬರಲ್ಲಿ ಒಬ್ಬ ಮಧ್ಯಾಹ್ನ ಊಟ ಮಾಡಿ, ಚಾರ್ಜರ್ ತರ್ತೀನಿ ಅಂತ ಹೋದವನು ಇನ್ನೂ ತರುತ್ತಿದ್ದಾನೆ. ಉಳಿದ ಒಬ್ಬ ಈಗಲೂ ಇದ್ದಾನೆ, ಅಣ್ಣಿಗೇರಿಯವನು, ಬಂಗಾರದಂಥ ಹುಡುಗ. ಹಂಗಾಗಿ ಆ್ಯಪ್‌ನಿಂದ ಸಿಗೋದೇ ಇಲ್ಲ ಅಂತ ನಾನು ಅನ್ನಲ್ಲ.

ನಿಜ ಹೇಳಬೇಕಂದರೆ ಜಾಹೀರಾತಿನಲ್ಲಿ ನಾವೂ ಎಲ್ಲಾ ಬರೆಯಲ್ಲ. ಸಂಬಳ ಬರೆಯುತ್ತೇವೆ, ರೂಮಿನಲ್ಲಿ ಎಂಟು ಜನ ಮಲಗುತ್ತಾರೆ ಅಂತ ಬರೆಯಲ್ಲ.

ಗಿರಮಿಟ್ ಪ್ರೇಮಿ
"ಇನ್ನೂ ತರುತ್ತಿದ್ದಾನೆ" 😂 ಕಾಕಾ ಒಬ್ಬರೇ ಸಾಕು ಇಲ್ಲಿ.

ಬೆಟಗೇರಿ ಅಕ್ಕ
ನಂದೊಂದು ಬೇರೆ ತಕರಾರು. ನಮ್ಮ ಅತ್ತೆ ಗದಗಿನ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಕೈ ಎಂಥಾದ್ದು ಅಂದರೆ ಒಂದು ರೊಟ್ಟಿ ಹಂಚಿನ ಮೇಲೆ ಉಬ್ಬೋದರೊಳಗೆ ಇನ್ನೊಂದು ಬಡಿದು ಮುಗಿದಿರುತ್ತೆ, ಅಂಚು ಒಡೆಯಲ್ಲ. ಆ ಖಾನಾವಳಿ ಮುಚ್ಚಿತು. ನಾನು ಅವರ ಹೆಸರಲ್ಲಿ ಒಂದು ಆ್ಯಪ್‌ನಲ್ಲಿ ಖಾತೆ ಮಾಡಿದೆ. ನಿಮ್ಮ ಕೆಲಸ ಯಾವುದು ಅಂತ ಕೇಳಿತು. ಶೆಫ್, ಸಹಾಯಕ ಶೆಫ್, ವೇಟರ್, ಬರಿಸ್ತಾ, ಕಿಚನ್ ಹೆಲ್ಪರ್, ಬೇಕರಿ, ಪಿಜ್ಜಾ ಮಾಡುವವರು. ರೊಟ್ಟಿ ಬಡಿಯೋರು ಅಂತ ಇಲ್ಲವೇ ಇಲ್ಲ! ಹುಬ್ಬಳ್ಳಿ ಧಾರವಾಡದಲ್ಲಿ ಪಿಜ್ಜಾ ಮಾಡೋರು ಜಾಸ್ತಿ ಇದ್ದಾರಾ ರೊಟ್ಟಿ ಮಾಡೋರು ಜಾಸ್ತಿ ಇದ್ದಾರಾ ನೀವೇ ಹೇಳಿ.

ಕೊನೆಗೆ ಕಿಚನ್ ಹೆಲ್ಪರ್ ಅಂತ ಹಾಕಿದೆ. ದಿನಾ ಫೋನ್ ಬಂತು, ಎಲ್ಲಾ ಪಾತ್ರೆ ತೊಳೆಯೋಕೆ. ಅತ್ತೆಗೆ ಸಿಟ್ಟು ಬಂದು ಫೋನ್ ನನ್ನ ಕೈಗೆ ಕೊಟ್ಟು "ನಿನ್ನ ಮೊಬೈಲಿಗೆ ಜ್ವಾಳಾ ಗೊತ್ತಿಲ್ಲ" ಅಂದುಬಿಟ್ಟರು.

ಗಲ್ಲಾ ಕಾಕಾ
ಅಕ್ಕಾರ, ಇದು ಬಹಳ ಖರೆ. ನಾನೂ ಒಮ್ಮೆ ರೊಟ್ಟಿ ಬಡಿಯೋ ಹೆಣ್ಣುಮಕ್ಕಳು ಬೇಕು ಅಂತ ಹಾಕೋಕೆ ನೋಡಿದೆ. ಆ್ಯಪ್ ಅದನ್ನು "ಬ್ರೆಡ್" ಕಡೆ ತಗೊಂಡು ಹೋಯಿತು. ಬೇಕರಿ ಹುಡುಗರು ಫೋನ್ ಮಾಡಿ ಓವನ್ ಯಾವ ಕಂಪನಿದು ಅಂತ ಕೇಳಿದರು.

ಸಪ್ತಾಪುರ ಪಿಜಿ
ನಾನು ಧಾರವಾಡದಲ್ಲಿ ಓದುತ್ತಿದ್ದೇನೆ, ಸ್ಪರ್ಧಾತ್ಮಕ ಪರೀಕ್ಷೆ ತಯಾರಿ. ಸಂಜೆ ಆರರಿಂದ ಹತ್ತು ಕೆಫೆ ಕೆಲಸ ಆ್ಯಪ್‌ನಲ್ಲೇ ಸಿಕ್ಕಿತು, ಎಂಟು ತಿಂಗಳಾಯಿತು. ಪಾರ್ಟ್ ಟೈಮ್ ಅಂತ ಫಿಲ್ಟರ್ ಹಾಕಿ, ಮೂರು ಕಿಲೋಮೀಟರ್ ಒಳಗೆ ಅಂತ ಇಟ್ಟುಕೊಂಡೆ. ಬಂದಿದ್ದು ಐದೇ ಐದು, ಐದಕ್ಕೂ ಅದೇ ದಿನ ಹೋಗಿ ಬಂದೆ. ಅಂದರೆ ಬ್ಯಾಡಗಿ ಅಣ್ಣ ಹೇಳಿದ ಹಾಗೆ ನಡೆದಿದ್ದೇ, ಆದರೆ ಎಲ್ಲಿಗೆ ನಡೀಬೇಕು ಅಂತ ಫೋನ್ ಹೇಳಿತು.

ಬ್ಯಾಡಗಿ ಖಾರ
ಧಾರವಾಡದವರು ಹಂಗೇ, ಎಲ್ಲದಕ್ಕೂ ಮಧ್ಯದಲ್ಲಿ ನಿಲ್ಲುತ್ತಾರೆ.

ಸಪ್ತಾಪುರ ಪಿಜಿ
ಹುಬ್ಬಳ್ಳಿಯವರು ಗದ್ದಲ ಮಾಡುತ್ತಾರೆ, ನಾವು ಪೇಢೆ ತಿನ್ನುತ್ತೇವೆ. ಅಷ್ಟಕ್ಕೂ ನೀವು ಬ್ಯಾಡಗಿಯವರಲ್ವಾ?

ಬ್ಯಾಡಗಿ ಖಾರ
ಹುಟ್ಟಿದ್ದು ಬ್ಯಾಡಗಿ. ಗದ್ದಲ ಮಾಡೋದು ಹುಬ್ಬಳ್ಳಿಯಲ್ಲಿ.

ಗೋಬಿ ಮಾಸ್ಟರ್
ಬ್ಯಾಡಗಿ ಅಂದಿದ್ದಕ್ಕೆ ನೆನಪಾಯಿತು. ನಾನು ಹತ್ತು ವರ್ಷ ಗಾಡಿಯಲ್ಲಿ ಗೋಬಿ ಮಾಡಿದವನು. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು ಅಂತ ಸರ್ಕಾರ ಆದೇಶ ಮಾಡಿತಲ್ಲ, ಆಗ ನಮ್ಮ ಗಾಡಿಗೆ ಗಿರಾಕಿ ಅರ್ಧ ಆದರು. ಬಣ್ಣ ಹಾಕಿದರೆ ಸರ್ಕಾರ ಬೈಯುತ್ತೆ, ಹಾಕದಿದ್ದರೆ ಗಿರಾಕಿ "ಇದೇನ್ರೀ ಬಿಳಚಿಕೊಂಡದ" ಅಂತಾರೆ. ಅದಕ್ಕೆ ರೆಸ್ಟೋರೆಂಟ್ ಕೆಲಸ ಹುಡುಕಿದೆ, ಆ್ಯಪ್‌ನಲ್ಲೇ. "ಚೈನೀಸ್ ಕುಕ್ ಬೇಕು, ಕೇಶ್ವಾಪುರ" ಅಂತ ಇತ್ತು. ಟ್ರಯಲ್‌ಗೆ ಕರೆದರು. ಶೆಫ್ ನನ್ನ ಮುಂದೆ ಹೂಕೋಸು ಇಟ್ಟು, ಬಣ್ಣ ಇಲ್ಲದೆ ಕೆಂಪಗೆ ಮಾಡಿ ತೋರಿಸು ಅಂದ. ಬ್ಯಾಡಗಿ ಮೆಣಸಿನಕಾಯಿ ಬೀಜ ತೆಗೆದು, ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ನುಣ್ಣಗೆ ರುಬ್ಬಿ, ಎಣ್ಣೆಯಲ್ಲಿ ಬೆಳ್ಳುಳ್ಳಿ ಜೊತೆ ಹಸಿ ವಾಸನೆ ಹೋಗೋವರೆಗೂ ಬಾಡಿಸಿದೆ. ಬಣ್ಣ ಬಂತು, ಖಾರ ಏರಲಿಲ್ಲ. ಅವತ್ತೇ ಸೇರಿಸಿಕೊಂಡರು.

ಆದರೆ ಅದಕ್ಕಿಂತ ಮುಂಚೆ ಇನ್ನೊಂದು ಕಡೆ ಟ್ರಯಲ್ ಅಂತ ಹತ್ತು ದಿನ ದುಡಿಸಿಕೊಂಡು ಒಂದು ರೂಪಾಯಿ ಕೊಡದೆ "ಕೈ ಸ್ವಲ್ಪ ನಿಧಾನ" ಅಂತ ಕಳಿಸಿದರು. ಆ ಹತ್ತು ದಿನದಲ್ಲಿ ಒಂದು ಮದುವೆ ಆರ್ಡರ್ ಕೂಡ ಮುಗಿಸಿಕೊಂಡಿದ್ದರು. ಟ್ರಯಲ್ ಅಂದರೆ ಒಂದು ಹೊತ್ತು. ಹೆಚ್ಚಂದರೆ ಒಂದು ದಿನ. ಅದರಾಚೆ ಎಷ್ಟು ಕೊಡುತ್ತೀರಿ ಅಂತ ಮೊದಲೇ ಕೇಳು.

ಗಿರಮಿಟ್ ಪ್ರೇಮಿ
ಮಾಸ್ಟರ್, ಆ ಮೆಣಸಿನಕಾಯಿ ಲೆಕ್ಕ ಇನ್ನೊಮ್ಮೆ ಹೇಳಿ, ಅರ್ಧ ಕೇಜಿ ಹೂಕೋಸಿಗೆ ಎಷ್ಟು?

ಗೋಬಿ ಮಾಸ್ಟರ್
ಹತ್ತು ಹನ್ನೆರಡು ಹಾಕು. ಡಬ್ಬಿ ಕಡ್ಡಿ ಅಂತ ಎರಡು ಥರ ಬರುತ್ತಲ್ಲ, ಬಣ್ಣಕ್ಕೆ ಡಬ್ಬಿ ಚೊಲೋ.

ಕೊಪ್ಪಿಕರ್ ಕ್ಯಾಪ್ಟನ್
ಅಡುಗೆ ಆಮೇಲೆ ಮಾಡೋಣ. ಶಿಗ್ಗಾವಿ ತಮ್ಮಾ, ಸಂಬಳಕ್ಕಿಂತ ಮೊದಲು ಟೈಮ್ ಕೇಳು. "10 ಗಂಟೆ ಡ್ಯೂಟಿ" ಅಂತಾರೆ. ಅದು ಬ್ರೇಕ್ ಶಿಫ್ಟ್ ಆಗಿರುತ್ತೆ. ಬೆಳಿಗ್ಗೆ ಹನ್ನೊಂದಕ್ಕೆ ಒಳಗೆ, ನಾಲ್ಕಕ್ಕೆ ಹೊರಗೆ, ಮತ್ತೆ ಏಳಕ್ಕೆ ಒಳಗೆ, ರಾತ್ರಿ ಹನ್ನೆರಡಕ್ಕೆ ಹೊರಗೆ. ಆ ಮೂರು ತಾಸು ನಿನ್ನದು ಅಂತಾರೆ, ಆದರೆ ಎಲ್ಲಿಗೆ ಹೋಗ್ತೀಯ? ರೂಮ್ ದೂರ ಇದ್ದರೆ ಹೋಗಿ ಬರೋದರಲ್ಲೇ ಮುಗಿಯಿತು. ನಾನು ಎರಡು ವರ್ಷ ಇಂದಿರಾ ಗಾಜಿನ ಮನೆ ತೋಟದ ಬೆಂಚಿನ ಮೇಲೆ ಬೂಟು ತಲೆ ಕೆಳಗಿಟ್ಟು ಮಲಗಿದ್ದೇನೆ. ಅಲ್ಲಿನ ವಾಚ್‌ಮನ್‌ಗೆ ನನ್ನ ಡ್ಯೂಟಿ ಟೈಮ್ ಬಾಯಿಪಾಠ ಆಗಿತ್ತು, ಆರೂವರೆಗೆ ಬಂದು ಕಾಲು ಅಲ್ಲಾಡಿಸಿ ಎಬ್ಬಿಸುತ್ತಿದ್ದರು.

ಲೆಕ್ಕದ ಹುಡುಗಿ
ಕಾನೂನಿನಲ್ಲಿ ಹಾಗೆ ಹದಿಮೂರು ತಾಸು ಎಳೆಯೋ ಹಾಗಿಲ್ಲ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಪ್ರಕಾರ ದಿನಕ್ಕೆ 9 ತಾಸು, ವಾರಕ್ಕೆ 48 ತಾಸು. ಬ್ರೇಕ್ ಎಲ್ಲಾ ಸೇರಿಸಿದರೂ ಒಳಗೆ ಹೋದಾಗಿನಿಂದ ಹೊರಗೆ ಬರೋವರೆಗೆ 12 ತಾಸು ಮೀರಬಾರದು. ವಾರಕ್ಕೆ ಒಂದು ರಜೆ. ಓಟಿ, ಅಂದರೆ ಹೆಚ್ಚಿನ ತಾಸು, ಮಾಡಿಸಿದರೆ ಅದಕ್ಕೆ ಡಬಲ್ ಸಂಬಳ.

ಗಲ್ಲಾ ಕಾಕಾ
ಕಾನೂನು ಗೊತ್ತಿದೆ ತಂಗಿ. ರಾತ್ರಿ ಹನ್ನೊಂದಕ್ಕೆ ಬರೋ ಗಿರಾಕಿಗೆ ಗೊತ್ತಿಲ್ಲ.

ಲೆಕ್ಕದ ಹುಡುಗಿ
ಗಿರಾಕಿ ಮೇಲೆ ಹಾಕಬೇಡಿ ಕಾಕಾ, ಎರಡು ಪಾಳಿ ಮಾಡಬಹುದಲ್ಲ. ಇರಲಿ, ನಿಮ್ಮಲ್ಲಿ ಹದಿನಾಲ್ಕು ಜನ ಅಂದಿರಿ, ಇಎಸ್‌ಐ (ಕೆಲಸದವರ ಆರೋಗ್ಯ ವಿಮೆ) ಇದೆ ತಾನೇ?

ಗಲ್ಲಾ ಕಾಕಾ
ಇದೆಯವ್ವಾ ಇದೆ. ನೀನು ಇನ್‌ಸ್ಪೆಕ್ಟರಾ?

ಚಿಗರಿ ಪ್ರಯಾಣಿಕ
ಇಎಸ್‌ಐಗೆ ಸಂಬಳದಲ್ಲಿ 1.75 ಪರ್ಸೆಂಟ್ ಹಿಡಿಯುತ್ತಾರೆ, ಪಿಎಫ್ ಬೇರೆ. ಕೈಗೆ ಏನು ಉಳಿಯುತ್ತೆ?

ಲೆಕ್ಕದ ಹುಡುಗಿ
ಅದು ಹಳೇ ಲೆಕ್ಕ. 2019ರ ಜುಲೈಯಿಂದ ಕೆಲಸದವರ ಪಾಲು 0.75, ಮಾಲೀಕರ ಪಾಲು 3.25. ಹತ್ತು ಜನಕ್ಕಿಂತ ಕಡಿಮೆ ಇಲ್ಲದ ಹೋಟೆಲಿಗೆ, ತಿಂಗಳ ಸಂಬಳ 21,000ದೊಳಗೆ ಇದ್ದವರಿಗೆ ಅನ್ವಯ. 14,000 ಸಂಬಳ ಅಂದುಕೊಳ್ಳಿ. ಇಎಸ್‌ಐ 105 ರೂಪಾಯಿ. ಇಪ್ಪತ್ತು ಜನ ಇರೋ ಕಡೆ ಪಿಎಫ್ 12 ಪರ್ಸೆಂಟ್ ಅಂದರೆ 1,680. ಕೈಗೆ 12,215. ಜಾಹೀರಾತಿನಲ್ಲಿ 14 ಅಂತ ಇರುತ್ತೆ, ಹುಡುಗರು 12 ನೋಡಿ ಮೋಸ ಅಂತಾರೆ. ಅದು ಮೋಸ ಅಲ್ಲ, ಪಿಎಫ್ ದುಡ್ಡು ನಿಮ್ಮ ಖಾತೆಗೇ ಹೋಗಿದೆ ಅಂತ ಯುಎಎನ್ (ನಿಮ್ಮ ಪಿಎಫ್ ನಂಬರ್) ಹಾಕಿ ನೋಡಿಕೊಳ್ಳಿ. ಹಿಡಿದುಕೊಂಡು ಕಟ್ಟದೇ ಇದ್ದರೆ ಅದು ಮೋಸ.

ಗೋಬಿ ಮಾಸ್ಟರ್
ಆ 105 ಬಗ್ಗೆ ನಾನು ಹೇಳಬೇಕು. ಸೇರಿದ ಮೂರನೇ ವಾರ ಕಡಾಯಿ ವಾಲಿ ಎಣ್ಣೆ ಪಾದದ ಮೇಲೆ ಬಿತ್ತು. ಚಪ್ಪಲಿ ಹಾಕಿದ್ದೆ, ಬೂಟು ಹಾಕಿರಲಿಲ್ಲ, ನನ್ನದೇ ತಪ್ಪು. ಇಪ್ಪತ್ತಾರು ದಿನ ಮನೆಯಲ್ಲಿದ್ದೆ. ಕೆಲಸದಲ್ಲಿ ಗಾಯ ಆದರೆ ಇಎಸ್‌ಐ ಸಂಬಳದ 90 ಪರ್ಸೆಂಟ್ ಕೊಡುತ್ತೆ, ಸೇರಿದ ಮೊದಲ ದಿನದಿಂದಲೇ. ಔಷಧಿ ಖರ್ಚೂ ಅವರದೇ. ಗಾಡಿಯಲ್ಲಿದ್ದಾಗ ಸುಟ್ಟುಕೊಂಡರೆ ಅರಿಷಿಣ ಹಚ್ಚಿಕೊಂಡು ಸಂಜೆ ಮತ್ತೆ ಗಾಡಿ ಹಚ್ಚುತ್ತಿದ್ದೆ.

ಬ್ಯಾಡಗಿ ಖಾರ
ಇದನ್ನು ಒಪ್ಪುತ್ತೇನೆ. ನಮ್ಮಪ್ಪನಿಗೆ ಮೂವತ್ತು ವರ್ಷದಲ್ಲಿ ಪಿಎಫ್ ಒಂದು ಪೈಸೆ ಇರಲಿಲ್ಲ.

ಬೆಟಗೇರಿ ಅಕ್ಕ
ಹೆಣ್ಣುಮಕ್ಕಳಿಗೆ ಇನ್ನೊಂದು ಮಾತು. ಶಕ್ತಿ ಯೋಜನೆ ಬಂದ ಮೇಲೆ ಗದಗಿನಿಂದ ಹುಬ್ಬಳ್ಳಿಗೆ ಬಸ್ ಚಾರ್ಜ್ ಇಲ್ಲ, ಅದಕ್ಕೇ ನಮ್ಮ ಓಣಿಯ ಎಷ್ಟೋ ಜನ ಕೆಲಸಕ್ಕೆ ಅಲ್ಲಿಗೆ ಹೋಗಿ ಬರುತ್ತಾರೆ. ಆದರೆ ಜಾಹೀರಾತಿನಲ್ಲಿ "ಮಹಿಳೆಯರಿಗೂ ಅವಕಾಶ" ಅಂತ ಹಾಕಿ, ಹೋದ ಮೇಲೆ ರಾತ್ರಿ ಹನ್ನೊಂದರವರೆಗೆ ಇರಬೇಕು ಅಂತಾರೆ. ಟಿಕೆಟ್ ಫ್ರೀ ಇದ್ದು ಏನು ಮಾಡೋದು, ಆ ಹೊತ್ತಿಗೆ ಹೆಣ್ಣುಮಗಳು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ಕಾಯಬೇಕಾ?

ಸಪ್ತಾಪುರ ಪಿಜಿ
ಒಂದು ಬಿಟ್ಟೆ. ಕೆಲಸ ಹುಡುಕೋಕೆ ಕೇಂದ್ರ ಸರ್ಕಾರದ ಎನ್‌ಸಿಎಸ್ ಜಾಲತಾಣ 2015ರಿಂದ ಇದೆ, ರಾಜ್ಯದ್ದು ಸ್ಕಿಲ್ ಕನೆಕ್ಟ್ ಇದೆ. ಎರಡೂ ಪೂರ್ತಿ ಉಚಿತ. ಅಲ್ಲೂ ಹೆಸರು ಹಾಕಿಡು. ಮಾರ್ಕ್ಸ್ ಕಾರ್ಡ್ ಕೇಳಿದರೆ ಝೆರಾಕ್ಸ್ ಕೊಡು, ಒರಿಜಿನಲ್ ಯಾರ ಕೈಗೂ ಕೊಡಬೇಡ. ನನ್ನ ರೂಮ್‌ಮೇಟ್ ಕೊಟ್ಟು ಕೆಲಸ ಬಿಡೋಕಾಗದೆ ಐದು ತಿಂಗಳು ಒದ್ದಾಡಿದ.

ಗಲ್ಲಾ ಕಾಕಾ
ತಮ್ಮಾ, ಕೆಲಸ ಕೇಳೋಕೆ ಹೋಗೋದಾದರೆ ನಾಲ್ಕು ಗಂಟೆಗೆ ಹೋಗು. ಒಂದು ಗಂಟೆಗೆ ಹೋದರೆ ಗದ್ದಲದಲ್ಲಿ ಯಾರೂ ಮಾತಾಡಲ್ಲ, ನಾನಂತೂ ಬೈದು ಕಳಿಸುತ್ತೇನೆ. ನಾಲ್ಕಕ್ಕೆ ಹುಡುಗರು ಹಿಂದಿನ ಬಾಗಿಲ ಹತ್ತಿರ ಚಹಾ ಕುಡಿಯುತ್ತಾ ಕೂತಿರುತ್ತಾರೆ. ಅವರನ್ನು ಕೇಳು, ಸಂಬಳ ಎಷ್ಟನೇ ತಾರೀಖು ಆಗುತ್ತೆ ಅಂತ. ಮಾಲೀಕ ಹೇಳೋದಕ್ಕಿಂತ ಅವರು ಖರೆ ಹೇಳುತ್ತಾರೆ. ಮಾಲೀಕನಾಗಿ ನಾನೇ ಹೇಳುತ್ತಿದ್ದೇನೆ ನೋಡು.

ಶಿಗ್ಗಾವಿ ಹುಡುಗ
ಎರಡು ವಾರ ಆಯಿತು, ಏನಾಯಿತು ಅಂತ ಹೇಳಲೇಬೇಕು. 1930ಕ್ಕೆ ದೂರು ಕೊಟ್ಟೆ, ನಂಬರ್ ಕೊಟ್ಟಿದ್ದಾರೆ, ದುಡ್ಡು ಬಂದಿಲ್ಲ. ಮನೆಯಲ್ಲಿ ಹೇಳಿದೆ. ಅವ್ವ ಬೈಯಲಿಲ್ಲ, ಅಪ್ಪ ಬೈದರು.

ಆಮೇಲೆ ಆ್ಯಪ್‌ನಲ್ಲಿ ಆರು ಹೋಟೆಲಿನ ಹೆಸರು ಬರೆದುಕೊಂಡು, ಲೆಕ್ಕದ ಅಕ್ಕ ಹೇಳಿದ ಹಾಗೆ ನಂಬರ್ ನೋಡಿ, ನಾಲ್ಕು ಉಳಿದವು. ನಾಲ್ಕಕ್ಕೂ ನಾಲ್ಕು ಗಂಟೆಗೆ ಹೋದೆ ಅನ್ನೋಕಾಗಲ್ಲ, ಮೂರನೆಯದಕ್ಕೆ ಹೋಗುವಷ್ಟರಲ್ಲಿ ಆರೂವರೆ ಆಗಿತ್ತು. ಅಲ್ಲೇ ಕೆಲಸ ಸಿಕ್ಕಿದ್ದು. ಒಬ್ಬ ಹುಡುಗ ಬಂದಿರಲಿಲ್ಲವಂತೆ. ಕೈ ತೊಳಿ ಅಂದರು, ತೊಳೆದೆ. ಹತ್ತೂವರೆವರೆಗೆ ಬೆಳ್ಳುಳ್ಳಿ ಸುಲಿಸಿದರು. ಕಮಿ 3, ಸಂಬಳ 13,500, ಬುಧವಾರ ರಜೆ, ಇಎಸ್‌ಐ ಇದೆ. ರೂಮಿನಲ್ಲಿ ಆರು ಜನ, ಒಂದು ಬಚ್ಚಲು. ಬೆರಳಿನಿಂದ ಬೆಳ್ಳುಳ್ಳಿ ವಾಸನೆ ಇನ್ನೂ ಹೋಗಿಲ್ಲ.

ಬೆಟಗೇರಿ ಅಕ್ಕಾ, ಇಲ್ಲಿ ಮಧ್ಯಾಹ್ನ ಉತ್ತರ ಕರ್ನಾಟಕ ಊಟ ಶುರು ಮಾಡಿದ್ದಾರೆ. ರೊಟ್ಟಿ ಹೊರಗಿನಿಂದ ತರಿಸುತ್ತಾರೆ, ಬರುವಷ್ಟರಲ್ಲಿ ಹಪ್ಪಳ ಆಗಿರುತ್ತೆ. ನಿಮ್ಮ ಅತ್ತೆ ಬಗ್ಗೆ ಶೆಫ್ ಹತ್ತಿರ ಹೇಳಿದೆ. ಬೆಳಿಗ್ಗೆ ಹತ್ತರಿಂದ ಮೂರರವರೆಗೆ ಬರೋದಾದರೆ ಬಂದು ತೋರಿಸಲಿ ಅಂದಿದ್ದಾರೆ.

ಗಿರಮಿಟ್ ಪ್ರೇಮಿ
ಭಪ್ಪರೆ ತಮ್ಮಾ!

ಬ್ಯಾಡಗಿ ಖಾರ
ಕೊನೆಗೆ ನಡಕೊಂಡೇ ಹೋದೆ ಅಲ್ವಾ.

ಬೆಟಗೇರಿ ಅಕ್ಕ
ಅತ್ತೆಗೆ ಓದಿ ಹೇಳಿದೆ. ಮೂರಕ್ಕೆ ಬಿಟ್ಟರೆ ಬರುತ್ತಾರಂತೆ. ಮೊದಲು ಕೇಳಿದ್ದು ಸಂಬಳ ಅಲ್ಲ, ಒಲೆ ಗ್ಯಾಸಾ ಕಟ್ಟಿಗೆದಾ, ಹಂಚು ಎಷ್ಟು ದೊಡ್ಡದು ಅಂತ ಕೇಳಿ ಹೇಳು ಅಂದರು.

ಶಿಗ್ಗಾವಿ ಹುಡುಗ
ಗ್ಯಾಸ್ ಅಕ್ಕಾ. ಹಂಚು ಈಗ ಇರೋದು ದೋಸೆದು. ಅದು ನಡೆಯಲ್ಲ ಅಂದರೆ ಕಬ್ಬಿಣದ್ದು ತರಿಸುತ್ತಾರಂತೆ, ಅಳತೆ ಅವರೇ ಹೇಳಲಿ.